ಲಿಸ್ಬನ್ನಿನಲ್ಲೊಂದು ಗೆರೆಜಾ

ಮಾರ್ಚ್ 14, 1992, ಶನಿವಾರ
ಕಿಲೆಲೆಶ್ವಾ, ನೈರೋಬಿ

ಈ ವರ್ಷದ ಡೈರಿಯಲ್ಲಿ ಫೆಬ್ರವರಿ ಪೂರ್ತಿ ಖಾಲಿ. ಇಷ್ಟು ಬಿಳಿ ಹಾಳೆ ಕಂಡರೆ ಏನೋ ದೊಡ್ಡ ವಿಪತ್ತು ನಡೆದಿದೆ ಅನ್ನಿಸಬೇಕು. ನಡೆದದ್ದು ಇಷ್ಟೇ. ಮೂರನೆಯ ತಾರೀಕು ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನಿಂದ ಹೊರಬಂದು ಅಂಚೆ ಕಚೇರಿಯ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ಓಡಿಬರುವ ಸಪ್ಪಳ ಕೇಳಿತು. ಪಾಪ, ಅವಸರದಲ್ಲಿದ್ದಾರೆ, ದಾರಿ ಬಿಡೋಣ ಎಂದು ಪಕ್ಕಕ್ಕೆ ಸರಿದೆ. ಕುತ್ತಿಗೆಯ ಸರ ಹೋಯಿತು. ನಾನು ಬಿದ್ದೆ. ಜೋಳದ ತೆನೆ ಸುಡುತ್ತಿದ್ದ ಹೆಂಗಸೊಬ್ಬಳು ಎಬ್ಬಿಸಿ, ಎಲ್ಲೋ ಹಾರಿದ್ದ ಚಪ್ಪಲಿ ಹುಡುಕಿ ತಂದು, ತನ್ನ ಸ್ಟೂಲಿನ ಮೇಲೆ ಕೂರಿಸಿ ನೀರು ಕುಡಿಸಿದಳು. ಸರ ಕಿತ್ತವನ ಮುಖ ನಾನು ನೋಡಲೇ ಇಲ್ಲ. ಬೂಟಿನ ಸಪ್ಪಳ ಮಾತ್ರ ಉಳಿದಿದೆ.

ಕುತ್ತಿಗೆಯ ಗೀರು ಹತ್ತು ದಿನದಲ್ಲಿ ಮಾಯಿತು. ಆದರೆ ಅವತ್ತಿನಿಂದ ನಾನು ನಮ್ಮ ಗೇಟಿನ ಆಚೆ ಒಂದು ಹೆಜ್ಜೆ ನಡೆದಿಲ್ಲ. ಕಾರಿನಲ್ಲಿ ಹೋಗುತ್ತೇನೆ, ಕಾರಿನಲ್ಲಿ ಬರುತ್ತೇನೆ. ಶಾಲೆಗೆ ರಜೆ ಬರೆದಿದ್ದೇನೆ. ಶಾಲೆ ಇರುವುದು ಮನೆಯಿಂದ ಹದಿನಾಲ್ಕು ನಿಮಿಷದ ದಾರಿ. ಹನ್ನೊಂದು ವರ್ಷ ಅದನ್ನು ನಡೆದೇ ಹೋಗಿದ್ದೇನೆ, ದಿನದ ಪಾಠದ ಪದ್ಯವನ್ನು ಬಾಯಲ್ಲಿ ಹೊರಳಿಸುತ್ತಾ. ಓದಿದ್ದು ಕನ್ನಡ ಎಂ.ಎ., ಕಲಿಸುವುದು ಇಂಗ್ಲಿಷ್ ಪದ್ಯ; ಎರಡರ ನಡುವಿನ ಸೇತುವೆ ಆ ಹದಿನಾಲ್ಕು ನಿಮಿಷವೇ ಆಗಿತ್ತೇನೋ.

ಇವತ್ತು ಹೆಡ್‌ಮಿಸ್ಟ್ರೆಸ್ ಹೆಲನ್ ಮನೆಗೆ ಬಂದಿದ್ದರು. ಚಹಾ ಕುಡಿದು, ನನ್ನ ಗುಲಾಬಿ ಗಿಡಗಳನ್ನು ಹೊಗಳಿ, ಕೊನೆಗೆ ವಿಷಯಕ್ಕೆ ಬಂದರು. ಮೇ ನಾಲ್ಕಕ್ಕೆ ಎರಡನೆಯ ಟರ್ಮ್ ಶುರು. ಬರುತ್ತೀರೋ ಇಲ್ಲವೋ, ಏಪ್ರಿಲ್ ಮುಗಿಯುವುದರೊಳಗೆ ಹೇಳಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳಲೇಬೇಕು ಎಂದರು. ಕಠಿಣವಾಗಿ ಹೇಳಲಿಲ್ಲ. ಅದೇ ಕಷ್ಟ.

ಮೇ ತಿಂಗಳಿಂದ ಇವರಿಗೆ, ನನ್ನ ಡಾಕ್ಟರು ಗಂಡನಿಗೆ, ಊರಾಚೆ ಗಿಗಿರಿಯ ಕ್ಲಿನಿಕ್ಕಿನಲ್ಲಿ ಕೆಲಸ, ಬೆಳಿಗ್ಗೆ ಆರೂವರೆಗೇ ಕಾರು ಹೊರಡುತ್ತದೆ. ಡ್ರೈವರ್ ಇಟ್ಟುಕೊಳ್ಳೋಣ ಎಂದರು ಇವರು. ಹದಿನಾಲ್ಕು ನಿಮಿಷಕ್ಕೆ ಡ್ರೈವರೇ ಎಂದು ನಕ್ಕುಬಿಟ್ಟೆ. ಡ್ರೈವರ್ ಬಂದರೆ ನಾನು ಇನ್ನೆಂದೂ ನಡೆಯುವುದಿಲ್ಲ ಎಂಬುದು ಗೊತ್ತು. ಅದನ್ನು ಇವರಿಗೆ ಹೇಳಲಿಲ್ಲ.

ಮಾರ್ಚ್ 29, ಭಾನುವಾರ

ಪೂಜೆ ಮುಗಿಸಿಕೊಂಡು ಪೊಲ್ಲಿ ಬಾಯಿ ಮತ್ತು ನಿಲ್ಲಾ ನೇರ ನಮ್ಮ ಮನೆಗೆ ಬಂದರು. ಇಬ್ಬರದೂ ಚರ್ಚಿನ ಸೀರೆ, ಚರ್ಚಿನ ಸೆಂಟು. ಪೊಲ್ಲಿ ಬಾಯಿ ಎಂದರೆ ಅಪೊಲೊನಿಯಾ. ಅರವತ್ತೆರಡು ವರ್ಷ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವರು. ಈಗಲೂ ಕೋಣೆಗೆ ಕಾಲಿಟ್ಟರೆ ಎಲ್ಲರೂ ಹಾಸಿಗೆಯ ಮುದುಡು ಸರಿಮಾಡಬೇಕು ಅನ್ನಿಸುತ್ತದೆ. ನಿಲ್ಲಾ ಎಂದರೆ ಪೆಟ್ರೊನಿಲ್ಲಾ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ವೆಸ್ಟ್‌ಲ್ಯಾಂಡ್ಸ್‌ನ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಕೆಲಸ. ಇಬ್ಬರೂ ಮಂಗಳೂರಿನವರು, ತಮ್ಮತಮ್ಮಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಜಗಳಕ್ಕೆ ಇಂಗ್ಲಿಷ್.

ನಿಲ್ಲಾಳ ಕಚೇರಿಗೆ ರಿಯಾಯಿತಿಯಲ್ಲಿ ಮೂರು ಟಿಕೆಟ್ ಬಂದಿವೆಯಂತೆ, ಲಿಸ್ಬನ್ನಿಗೆ. ಏಪ್ರಿಲ್ ಒಳಗೆ ಬಳಸಬೇಕು. ಅಲ್ಲಿಗೆ ಹತ್ತಿರದ ಫಾತಿಮಾ ಎಂಬ ಊರಿನ ಮಾತೆಗೆ ಪೊಲ್ಲಿ ಬಾಯಿ ಹೊತ್ತ ಹರಕೆ ಇದೆ. ಒಂದು ದಿನ ಲಿಸ್ಬನ್ ನೋಡುವುದು, ಮಾರನೆಯ ದಿನ ಬಸ್ಸಿನಲ್ಲಿ ಫಾತಿಮಾ. ಮೂರನೆಯ ಟಿಕೆಟ್ ನನಗೆ ಎಂದು ಅವರಾಗಲೇ ತೀರ್ಮಾನಿಸಿ ಬಂದಿದ್ದರು. ವೀಸಾ ಅರ್ಜಿಯಲ್ಲಿ ನನ್ನ ಹೆಸರೂ ತುಂಬಿ ಆಗಿತ್ತು.

ನನ್ನ ಕೈಲಿ ಬೀದಿಯಲ್ಲಿ ನಡೆಯೋಕೆ ಆಗಲ್ಲ, ನಿಮಗೂ ತೊಂದರೆ ಎಂದೆ.

"ನಡೀಲಿಕ್ಕೆ ನಿನ್ನನ್ನು ಯಾರು ಕರೆದದ್ದು ಮಾರಾಯ್ತಿ?" ಎಂದರು ಪೊಲ್ಲಿ ಬಾಯಿ. "ಊರು ನೋಡ್ಲಿಕ್ಕೆ ಬಾ ಅಂತ ಹೇಳಿದ್ದು. ನೋಡುವುದು ಕಣ್ಣಿನ ಕೆಲಸ. ನಡೆಯುವುದು ಕಾಲಿನ ಕೆಲಸ, ಅದರಲ್ಲಿ ನೀನು ತಲೆ ಹಾಕ್ಬೇಡ."

ಇವರು ಪೇಪರಿನ ಹಿಂದೆ ನಗುತ್ತಿದ್ದರು. ಪೇಪರು ಅಲುಗಾಡುತ್ತಿತ್ತು.

ಏಪ್ರಿಲ್ 6

ಇವತ್ತು ಪ್ರಯತ್ನ ಮಾಡಿದೆ. ಗೇಟಿನವರೆಗೆ ಹೋದೆ. ನಮ್ಮ ಕಾವಲುಗಾರ ಪೀಟರ್ ಗೇಟು ತೆಗೆದು ನಿಂತ. ರಸ್ತೆ ಖಾಲಿ ಇತ್ತು, ಮಳೆ ನಿಂತು ಕೆಂಪು ನೀರು ಹರಿಯುತ್ತಿತ್ತು. ಅಷ್ಟರಲ್ಲಿ ಯಾರೋ ವ್ಯಾಯಾಮಕ್ಕೆ ಓಡುವವರು ಥಪಥಪ ಎಂದು ಹಾದುಹೋದರು. ನಾನು ತಿರುಗಿ ಒಳಗೆ ಬಂದೆ.

ಏನಾದರೂ ಮರೆತಿರಾ ಎಂದು ಪೀಟರ್ ಕೇಳಿದ. ಹೌದು ಎಂದೆ. ಏನು ಎಂದು ಕೇಳಲಿಲ್ಲ. ಒಳ್ಳೆಯವನು.

ಏಪ್ರಿಲ್ 21

ನಾಳೆ ಹೊರಡುವುದು. ಕ್ಯಾನ್ವಾಸ್ ಬೂಟು, ಎರಡು ಸ್ವೆಟರು, ಒಂದು ಕವನ ಸಂಕಲನ. ಈಚೆಗೆ ಎಂಟು ಸಾಲಿಗಿಂತ ಉದ್ದದ ಪದ್ಯ ಓದಲಾಗುತ್ತಿಲ್ಲ. ಒಂಬತ್ತನೆಯ ಸಾಲಿಗೆ ಮನಸ್ಸು ಬಾಗಿಲ ಕಡೆ ತಿರುಗುತ್ತದೆ. ಪೊಲ್ಲಿ ಬಾಯಿ ಮೂರು ದಿನಕ್ಕಾಗುವಷ್ಟು ಚಪಾತಿ ಕಟ್ಟಿದ್ದಾರೆಂದು ಸುದ್ದಿ. ಯೂರೋಪಿನ ಮೇಲೆ ಅವರಿಗೆ ನಂಬಿಕೆ ಇಲ್ಲ.

ಏಪ್ರಿಲ್ 23, ಗುರುವಾರ, ಸಂಜೆ
ಲಿಸ್ಬನ್

ಕಾಲು ಬಿಸಿನೀರಿನ ಬಾಲ್ದಿಯಲ್ಲಿದೆ. ಡೈರಿ ಮೊಣಕಾಲ ಮೇಲಿದೆ. ಎಲ್ಲಿಂದ ಶುರು ಮಾಡಲಿ?

ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಹೊರಟೆವು. ನಡೆಯುವ ಕ್ರಮವನ್ನು ನಾನು ಮೊದಲೇ ಗೊತ್ತು ಮಾಡಿಸಿದ್ದೆ. ಮುಂದೆ ಪೊಲ್ಲಿ ಬಾಯಿ, ನಡುವೆ ನಾನು, ನನ್ನ ಬೆನ್ನಿಗೆ ನಿಲ್ಲಾ. ಹಿಂದೆ ಸಪ್ಪಳ ಕೇಳಿದರೂ ಅದು ನಿಲ್ಲಾಳ ಹಿಮ್ಮಡಿಯದೇ ಆಗಿರಬೇಕು. ನಿಲ್ಲಾ ಪಾಪ, ಬೇಕೆಂದೇ ಟಕಟಕ ಎನ್ನುವ ಬೂಟು ಹಾಕಿಕೊಂಡಿದ್ದಳು. ನಾವು ಹೀಗೆ ಸಾಲಾಗಿ ಹೋಗುವುದನ್ನು ಕಂಡು ಹೂವಿನಂಗಡಿಯವನೊಬ್ಬ ಸೆಲ್ಯೂಟ್ ಹೊಡೆದ.

ಮೊದಲು ನದಿಯ ದಂಡೆಯ ದೊಡ್ಡ ಚೌಕ. ಮೂರು ಕಡೆ ಕಮಾನುಗಳು, ನಾಲ್ಕನೆಯ ಕಡೆ ನೀರು. ಸಮುದ್ರವೇ ಇರಬೇಕು ಅನ್ನುವಷ್ಟು ಅಗಲದ ನದಿ. ನಡುವೆ ಕುದುರೆಯ ಮೇಲೆ ಒಬ್ಬ ರಾಜ, ನೀರಿನ ಕಡೆಗೇ ದೃಷ್ಟಿ.

"ನೋಡು, ನಮ್ಮ ಊರಿನ ಕಡೆಗೇ ಕಣ್ಣು ಇವನದ್ದು," ಎಂದರು ಪೊಲ್ಲಿ ಬಾಯಿ. "ಮೆಣಸು ಬಂತಾ, ಇನ್ನೂ ಬರ್ಲಿಲ್ವಾ ಅಂತ."

ಅಲ್ಲಿಂದ ಹಳದಿ ಬಣ್ಣದ ಪುಟ್ಟ ಟ್ರಾಮು ಹತ್ತಿದೆವು. ಅದು ಮನೆಗಳ ಜಗಲಿಗೆ ಭುಜ ತಾಗಿಸುತ್ತಾ ಗುಡ್ಡ ಹತ್ತುತ್ತದೆ. ಕೈ ಚಾಚಿದರೆ ಯಾರದೋ ಕಿಟಕಿಯ ತುಳಸಿಯಂಥ ಗಿಡದ ಎಲೆ ಕೀಳಬಹುದು. ತುದಿಯಲ್ಲಿ ಇಳಿದು ಕಟಾಂಜನಕ್ಕೆ ಒರಗಿ ನಿಂತೆವು. ಕೆಳಗೆ ಇಡೀ ಊರು, ಒಂದರ ಮೇಲೊಂದು ಕೆಂಪು ಹಂಚಿನ ಮಾಡು, ಬಿಳಿ ಗೋಡೆ, ಆಮೇಲೆ ನದಿ. ನಿಲ್ಲಾ ಫೋಟೋ ತೆಗೆಯುತ್ತಿದ್ದಳು. ಪೊಲ್ಲಿ ಬಾಯಿ ತುಂಬ ಹೊತ್ತು ನೋಡಿ, ನಮ್ಮ ಮಂಗಳೂರು ಹಂಚನ್ನು ಇವರು ಯಾವಾಗ ಕದ್ದರು ಎಂದು ಕೇಳಿದರು.

ಮುಂದಿನದು ಸಂತ ಅಂತೋನಿಯ ಚರ್ಚು. ಕಳೆದ ವಸ್ತುವನ್ನು ಹುಡುಕಿಕೊಡುವ ಸಂತ. ಹುಟ್ಟಿದ್ದು ಈ ಊರಿನಲ್ಲೇ ಅಂತೆ. ಪೊಲ್ಲಿ ಬಾಯಿ ಈತನಿಗೆ ಮೂವತ್ತು ವರ್ಷದಿಂದ ಚಾವಿ, ಕನ್ನಡಕ, ಥರ್ಮಾಮೀಟರುಗಳ ಹುಡುಕಾಟದ ಕೆಲಸ ಕೊಡುತ್ತಾ ಬಂದಿದ್ದಾರೆ. ಕೃತಜ್ಞತೆ ಹೇಳಲು ಹೋಗಲೇಬೇಕಿತ್ತು. ಇಳಿಯುವ ಟ್ರಾಮು ತುಂಬಿ ಬಂತು. ಪೊಲ್ಲಿ ಬಾಯಿ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಹತ್ತಿದರು. ನೂಕುನುಗ್ಗಲಿನಲ್ಲಿ ನಿಲ್ಲಾ ನನಗಿಂತ ಮೊದಲು ಒಳಗೆ ತಳ್ಳಿಸಿಕೊಂಡಳು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ಬೆನ್ನಿನ ಹಿಂದೆ ಯಾರೋ ಒತ್ತಿಕೊಂಡು ನಿಂತರು, ಉಸಿರು ಕುತ್ತಿಗೆಗೆ ತಾಗಿತು. ನಾನು ಕಾಲು ತೆಗೆದು ಪಕ್ಕಕ್ಕೆ ಸರಿದೆ. ಆತ ಹತ್ತಿದ. ಬಾಗಿಲು ಮುಚ್ಚಿತು.

ಗಾಜಿನ ಹಿಂದೆ ನಿಲ್ಲಾಳ ಬಾಯಿ ತೆರೆದು ಮುಚ್ಚುತ್ತಿದ್ದದ್ದು ಕಂಡಿತು. ಆಮೇಲೆ ಟ್ರಾಮು ತಿರುವಿನಲ್ಲಿ ಮರೆಯಾಯಿತು. ಹೋಟೆಲಿನ ಚೀಟಿ ಇದ್ದದ್ದು ಅವಳ ಚೀಲದಲ್ಲಿ. ನನ್ನ ಹತ್ತಿರ ಇದ್ದದ್ದು ಅವಳು ಬೆಳಿಗ್ಗೆ ಕೊಟ್ಟ ಎರಡು ನೋಟು, ಒಂದು ಕರವಸ್ತ್ರ.

ಹತ್ತು ನಿಮಿಷ ಗೋಡೆಗೆ ಬೆನ್ನು ಕೊಟ್ಟು ನಿಂತೆ, ಕೈ ಕುತ್ತಿಗೆಯ ಮೇಲೆ. ಗೋಡೆ ಇದ್ದರೆ ಹಿಂದೆ ಯಾರೂ ಬರಲಾರರು. ಆದರೆ ಗೋಡೆ ಹಿಡಿದೇ ಎಷ್ಟು ಹೊತ್ತು ನಿಲ್ಲುವುದು? ಗೋಡೆಯುದ್ದಕ್ಕೂ ಸರಿಯುತ್ತಾ ಸರಿಯುತ್ತಾ ಒಂದು ಓಣಿಗೆ ಬಂದೆ. ಅಲ್ಲಿ ಕಿತ್ತಳೆ ಮರವೊಂದಿತ್ತು, ಬುಡದಲ್ಲಿ ಹಣ್ಣು ಬಿದ್ದಿದ್ದವು. ಯಾಕೋ ಒಂದನ್ನು ಎತ್ತಿಕೊಂಡೆ. ಕೈಗೆ ಏನಾದರೂ ಬೇಕಿತ್ತು ಅಷ್ಟೆ.

ಆಗ ಒಬ್ಬ ಮುದುಕಿ ಬಾಗಿಲಿನಿಂದ ಹೊರಬಂದಳು. ಮುಡಿಯಿಂದ ಅಡಿವರೆಗೆ ಕಪ್ಪು ಬಟ್ಟೆ, ಕಾಲಿಗೆ ಮನೆಯ ಚಪ್ಪಲಿ. ನನ್ನ ಕೈಯ ಹಣ್ಣು ನೋಡಿ ತಲೆ ಆಡಿಸಿದಳು, ಬಾಯಿ ಸೊಟ್ಟ ಮಾಡಿದಳು. ದಾರಿ ತಪ್ಪಿದ್ದೇನೆ, ಗೆಳತಿಯರು ಟ್ರಾಮು, ಚರ್ಚು, ಚರ್ಚು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಓಹೋ ಎಂದು ನನ್ನ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು ಎಳೆಯತೊಡಗಿದಳು. ಎಳೆಯುತ್ತಾ ಒಂದೇ ಮಾತು: "ಇಗ್ರೇಜಾ, ಇಗ್ರೇಜಾ."

ಸ್ವಾಹಿಲಿಯಲ್ಲಿ ಗೆರೆಜಾ ಎಂದರೆ ಜೈಲು. ಹತ್ತೊಂಬತ್ತು ವರ್ಷ ನೈರೋಬಿಯಲ್ಲಿದ್ದ ಕಿವಿಗೆ ಬೇರೆ ಏನು ಕೇಳಿಸೀತು? ಕೈಯಲ್ಲಿ ಕದ್ದ ಹಣ್ಣು. ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಸಮವಸ್ತ್ರದವನೊಬ್ಬ ಕಾಣಿಸಿಕೊಂಡ, ಮುದುಕಿ ಅವನನ್ನು ಕೂಗಿ ಕರೆದಳು. ಅವನು ಅಂಚೆಯವನು, ಹೆಗಲಲ್ಲಿ ಕಾಗದದ ಚೀಲವಿತ್ತು ಎಂದು ಈಗ ನೆನಪಾಗುತ್ತಿದೆ. ಆಗ ನನಗೆ ಕಂಡದ್ದು ಟೋಪಿ ಮಾತ್ರ.

ಕೈ ಬಿಡಿಸಿಕೊಂಡು ಓಡಿದೆ. ನಲವತ್ತೆಂಟು ವರ್ಷದ ಮೈಸೂರಿನ ಹೆಂಗಸು, ಸೀರೆಯ ಮೇಲೆ ಸ್ವೆಟರು, ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಕಿತ್ತಳೆ. ಹಿಂದೆ ಮುದುಕಿಯ ಚಪ್ಪಲಿ ಚಟಚಟ ಎಂದು ಬರುತ್ತಲೇ ಇತ್ತು, "ಇಗ್ರೇಜಾ" ಎನ್ನುವ ಕೂಗೂ. ಬಲಕ್ಕೆ ತಿರುಗಿದೆ, ಮೆಟ್ಟಿಲು ಹತ್ತಿದೆ, ಎಡಕ್ಕೆ ತಿರುಗಿದೆ, ಮೆಟ್ಟಿಲು ಇಳಿದೆ. ಯಾರದೋ ಒಣಹಾಕಿದ ಒದ್ದೆ ಹೊದಿಕೆ ಮುಖಕ್ಕೆ ಬಡಿಯಿತು. ಯಾವಾಗಲೋ ಚಟಚಟ ನಿಂತಿತು. ನಾನು ಮಾತ್ರ ನಿಲ್ಲಲಿಲ್ಲ. ನಿಂತರೆ ಸಿಕ್ಕಿಬೀಳುತ್ತೇನೆ ಎಂದು ಓಟವನ್ನು ನಡಿಗೆಗೆ ಇಳಿಸಿ, ಈ ಊರಿನವಳೇ ಎಂಬಂತೆ ಮುಖ ಮಾಡಿಕೊಂಡು ಹೋಗುತ್ತಲೇ ಇದ್ದೆ.

ಎಷ್ಟು ಓಣಿಗಳು. ಗೋಡೆಗೆ ನೀಲಿ ಹೂವಿನ ಬಿಲ್ಲೆಗಳು, ಒಂದು ಬಿಲ್ಲೆ ಬಿದ್ದ ಜಾಗದಲ್ಲಿ ಯಾರೋ ಕೈಯಲ್ಲೇ ಹೂವು ಬರೆದಿದ್ದರು, ಸ್ವಲ್ಪ ಸೊಟ್ಟಗೆ. ಕಿಟಕಿಯೊಂದರಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಮುದುಕ ನನಗೆ ನಮಸ್ಕರಿಸುವ ಹಾಗೆ ಬ್ಲೇಡು ಎತ್ತಿದ. ಪಂಜರದ ಹಕ್ಕಿ. ಹೊಸ್ತಿಲಲ್ಲೇ ಒಲೆ ಇಟ್ಟು ಮೀನು ಸುಡುವ ಹೊಗೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಮನೆಗಳು ಸರಿದು ನದಿ ಕಾಣಿಸಿತು. ಅಲ್ಲಿನ ಕಲ್ಲುಬೆಂಚಿನಲ್ಲಿ ಕೂತು ಸಾಕ್ಷ್ಯ ನಾಶ ಮಾಡೋಣವೆಂದು ಕಿತ್ತಳೆ ಸುಲಿದು ಬಾಯಿಗಿಟ್ಟೆ. ಹಾಗಲಕಾಯಿ ಎಷ್ಟೋ ವಾಸಿ. ಮುದುಕಿ ಬಾಯಿ ಸೊಟ್ಟ ಮಾಡಿದ್ದು ಅದಕ್ಕೇ. ತಿನ್ನಬೇಡ ಎಂದು ಹೇಳಿದ್ದಳು ಪಾಪ.

ಅನುಮಾನ ಆಗ ಶುರುವಾಯಿತು. ಕಹಿಹಣ್ಣು ತಿನ್ನಬೇಡ ಎಂದವಳು ಜೈಲಿಗೆ ಯಾಕೆ ಕಳಿಸುತ್ತಾಳೆ?

ಬಾಯಿಯ ಕಹಿಗೆ ಏನಾದರೂ ಬೇಕಿತ್ತು. ಕೆಳಗಿನ ಬೀದಿಯಲ್ಲಿ ನಾಲ್ಕು ಕುರ್ಚಿಯ ಹೋಟೆಲು. ಒಡತಿ ಒಂದು ಕಡೆ ಬೆರಳು ತೋರಿಸಿ "ಮೇಜಾ" ಎಂದಳು. ಮೇಜು. ನಾನು ಕೂತೆ. ಪಾವು ಬ್ರೆಡ್ಡು ತಂದಳು, "ಪಾಂವ್" ಎಂದಳು. ಚಹಾ ತಂದಳು, "ಶಾ" ಎಂದಳು. ನನಗೆ ನಗು ಬಂತು. ಎಂ.ಎ.ಗೆ ಕೂತಾಗ ಕನ್ನಡದ ಅನ್ಯದೇಶ್ಯ ಪದಗಳ ಪಟ್ಟಿ ಬಾಯಿಪಾಠ ಮಾಡಿದ್ದೆ. ಪೋರ್ಚುಗೀಸಿನಿಂದ ಬಂದವು: ಮೇಜು, ಸಾಬೂನು, ಚಾವಿ, ಬಾಲ್ದಿ, ಪಾದ್ರಿ. ಎಂಟು ಅಂಕದ ಪ್ರಶ್ನೆ. ಕೈತೊಳೆಯುವಲ್ಲಿದ್ದ ಸೋಪು ತೋರಿಸಿ ಸಾಬೂನು ಎಂದೆ. ಅವಳು ಕಣ್ಣರಳಿಸಿ "ಸಬಾಂವ್" ಎಂದಳು. ಸೊಂಟದ ಗೊಂಚಲು ತೋರಿಸಿ ಚಾವಿ ಎಂದೆ. "ಶಾವಿ" ಎಂದು ಚಪ್ಪಾಳೆ ತಟ್ಟಿದಳು. ಎದೆಯ ಮೇಲೆ ಕೈಯಿಟ್ಟು ತನ್ನ ಹೆಸರು ಫ್ಲಾವಿಯಾ ಎಂದಳು. ನಾನು ಕಮಲಾ ಎಂದೆ. ಆಮೇಲೆ ಆಟಕ್ಕೆ ಅವಳೂ ಇಳಿದಳು. ಅನಾನಸ್, ಅವಳದೂ ಅನಾನಸ್. ಬಾಗಿಲಾಚೆ ಗಂಟೆ ಗೋಪುರ ಕಾಣುತ್ತಿತ್ತು. ಅದರತ್ತ ಬೆರಳು ನೀಡಿ, ಇದನ್ನು ಹೇಳು ನೋಡೋಣ ಎಂಬಂತೆ ಹುಬ್ಬು ಹಾರಿಸಿ, ತಾನೇ ಹೇಳಿಬಿಟ್ಟಳು: "ಇಗ್ರೇಜಾ."

ಇಗರ್ಜಿ. ಅದೇ ಪಟ್ಟಿಯಲ್ಲಿತ್ತು, ಪಾದ್ರಿಯ ಪಕ್ಕದಲ್ಲೇ. ನಾವು ಮೈಸೂರಿನವರು ಚರ್ಚು ಎನ್ನುತ್ತೇವೆ, ಕರಾವಳಿಯವರ ಬಾಯಲ್ಲಿ ಇಗರ್ಜಿ. ಪೊಲ್ಲಿ ಬಾಯಿ ದಿನಕ್ಕೆ ಹತ್ತು ಸಲ ಹೇಳುವ ಶಬ್ದ. ನಾನು ಹಣೆ ಹಣೆ ಚಚ್ಚಿಕೊಂಡೆ. ಫ್ಲಾವಿಯಾ ಗಾಬರಿಯಾಗಿ ಇನ್ನೊಂದು ಚಹಾ ತಂದಳು.

ಇನ್ನೇನು, ಕಂಡಕಂಡವರನ್ನು ತಡೆದು ಇಗ್ರೇಜಾ ಎಲ್ಲಿ ಎಂದು ಕೇಳುತ್ತಾ ಇಳಿದೆ. ಎಲ್ಲರೂ ತೋರಿಸಿದರು. ಒಬ್ಬೊಬ್ಬರು ಒಂದೊಂದನ್ನು. ಮೊದಲನೆಯದಕ್ಕೆ ಬೀಗ. ಎರಡನೆಯದರಲ್ಲಿ ಹೆಂಗಸರು ನೆಲ ಒರೆಸುತ್ತಿದ್ದರು, ಒದ್ದೆಯಲ್ಲಿ ನಡೆದದ್ದಕ್ಕೆ ಬೈಸಿಕೊಂಡೆ. ಮೂರನೆಯದರಲ್ಲಿ ಪಾದ್ರಿಯೊಬ್ಬರು ನನ್ನ ಮುಖ ನೋಡಿ ಪಾಪನಿವೇದನೆಯ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಒಂದು ಕಿತ್ತಳೆಯ ವಿಷಯ ಹೇಳಬಹುದಿತ್ತು. ನಾಲ್ಕನೆಯದರ ಮೆಟ್ಟಿಲ ಮೇಲೆ ನಿಲ್ಲಾ ಕೂತಿದ್ದಳು.

ಅವಳು ಎದ್ದು ಬರಲಿಲ್ಲ. ಕೂತಲ್ಲೇ ಅತ್ತಳು.

"ಮೂರೂವರೆ ಗಂಟೆ ಹೊತ್ತಾಯ್ತು ಕಮಲಕ್ಕಾ. ಮುಂದಿನ ಸ್ಟಾಪಲ್ಲಿ ಇಳಿದು ಓಡಿ ಬಂದ್ರೆ ನೀವಿಲ್ಲ. ಪೊಲೀಸಿಗೂ ಹೇಳಿ ಬಂದಾಯ್ತು. ಡಾಕ್ಟ್ರಿಗೆ ಫೋನಲ್ಲಿ ಏನು ಹೇಳುವುದು ಅಂತ ಕನ್ನಡದಲ್ಲಿ, ಇಂಗ್ಲಿಷಲ್ಲಿ ಎರಡರಲ್ಲೂ ಪ್ರಾಕ್ಟೀಸ್ ಮಾಡ್ತಾ ಇದ್ದೆ."

ಪೊಲ್ಲಿ ಬಾಯಿ ಒಳಗಿಂದ ಬಂದರು. ಮೊಣಕಾಲಿನ ಮೇಲೆ ಸೀರೆಗೆ ಎರಡು ದುಂಡು ಧೂಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಗೆರೆಜಾದ ಮಾತು ಬಂದಾಗ ಅವರು ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಿನ್ನ ತಪ್ಪಲ್ಲ ಮಾರಾಯ್ತಿ. ಸಣ್ಣದಿರುವಾಗ ನನಗೂ ಎರಡೂ ಒಂದೇ ಆಗಿತ್ತು. ಭಾನುವಾರ ಎರಡು ಗಂಟೆ ಮೊಣಕಾಲು ಊರಿ ಕೂತ್ಕೊಂಡು ನೋಡು, ಗೊತ್ತಾಗ್ತದೆ."

ನಗು ನಿಂತ ಮೇಲೆ ಒಂದು ಥರ ನನ್ನನ್ನೇ ನೋಡಿದರು, ರೋಗಿಯ ನಾಡಿ ಹಿಡಿದ ಹಾಗೆ. "ಅಷ್ಟು ಹೊತ್ತು ಒಬ್ಬಳೇ ನಡೆದೆಯಾ?"

"ನಡೆದಿದ್ದಲ್ಲ ಪೊಲ್ಲಿ ಬಾಯಿ. ದಾರಿ ತಪ್ಪಿದ್ದು."

"ಹೌದು, ಹೌದು," ಎಂದು ಎದ್ದು ಮತ್ತೆ ಒಳಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಸಂತ ಅಂತೋನಿಯ ಮುಂದೆ ಇನ್ನೊಂದು ಮೇಣದ ಬತ್ತಿ ಹಚ್ಚುತ್ತಿದ್ದರು. ಸಿಕ್ಕಿದೆನಲ್ಲ, ಇದು ಯಾಕೆ ಎಂದು ಕೇಳಿದೆ. ಕಳೆದದ್ದು ಎರಡು ಇತ್ತು ಎಂದರು. ಎರಡನೆಯದು ಯಾವುದು ಎಂದು ಕೇಳಿದರೆ ಬತ್ತಿಯನ್ನು ನೆಟ್ಟಗೆ ಮಾಡಿದರು. ಅವರ ಕೊಡೆ ಇರಬೇಕು, ಬೆಳಿಗ್ಗೆಯಿಂದ ಕಾಣುತ್ತಿಲ್ಲ.

ಬಾಲ್ದಿಯ ನೀರು ಆರಿತು. ಲಿಸ್ಬನ್ನಿನ ಮೊದಲ ದಿನ ಕಾರ್ಯಕ್ರಮದಲ್ಲಿದ್ದ ಒಂಬತ್ತು ಜಾಗಗಳಲ್ಲಿ ಮೂರು ಮಾತ್ರ ನೋಡಲಾಯಿತು ಎಂದು ನಿಲ್ಲಾ ಕೊರಗುತ್ತಿದ್ದಾಳೆ. ತಪ್ಪು ನನ್ನದೇ.

ಏಪ್ರಿಲ್ 24

ಮೀನಖಂಡದಲ್ಲಿ ನೋವು, ಓಡಿ ಆಡಿದ ಹದಿನೆಂಟರ ಹುಡುಗಿಗೆ ಬರುವಂಥದ್ದು. ಬೆಳಿಗ್ಗೆ ಇವರಿಬ್ಬರೂ ಮಲಗಿದ್ದಾಗ ಹಸಿವು ತಡೆಯದೆ ಎರಡು ಬೀದಿ ಆಚೆಯಿಂದ ಬಿಸಿ ಪಾವು ತಂದೆ. ನಿಲ್ಲಾ ಎದ್ದು ಹೇಳದೆ ಹೋದದ್ದಕ್ಕೆ ಬೈದಳು, ಆಮೇಲೆ ಎರಡು ತಿಂದಳು. ಪೊಲ್ಲಿ ಬಾಯಿ ತಮ್ಮ ಚಪಾತಿಯನ್ನೇ ತಿಂದರು. ಫಾತಿಮಾದ ಬಸ್ಸಿನಲ್ಲಿ ಒಂದು ದೀರ್ಘ ಕವಿತೆ ಓದಿ ಮುಗಿಸಿದೆ. ಚೆನ್ನಾಗಿದೆ, ಆದರೆ ನಡುವೆ ಸ್ವಲ್ಪ ಎಳೆದಿದ್ದಾರೆ.

ಏಪ್ರಿಲ್ 29, ಬುಧವಾರ
ನೈರೋಬಿ

ಹೆಲನ್‌ಗೆ ಫೋನು ಮಾಡಿ ಬರುತ್ತೇನೆ ಎಂದೆ.

ಹೇಗೆ ಹೋಗ್ತೀಯಾ ಎಂದು ಇವರು ಕೇಳಿದರು. ಗೊತ್ತಿಲ್ಲ ಎಂದೆ. ಲಿಸ್ಬನ್ನಿನಲ್ಲಿ ಯಾರೂ ನನ್ನ ಸರ ಕಿತ್ತಿರಲಿಲ್ಲ. ಆ ಊರಿಗೂ ನನಗೂ ಹಳೆಯ ಲೆಕ್ಕ ಇರಲಿಲ್ಲ. ಇದು ನನ್ನ ಊರು. ನನ್ನ ಊರಿಗೆ ಹೆದರುವುದು ಬೇರೆಯೇ ಥರ. ನಾಲ್ಕನೆಯ ತಾರೀಕು ನಾನು ತಡವಾಗಿ ಹೊರಡಲೇ, ನಿನ್ನನ್ನು ಶಾಲೆಗೆ ಬಿಟ್ಟು ಹೋಗುತ್ತೇನೆ ಎಂದರು ಇವರು. ಹೊಸ ಕೆಲಸದ ಮೊದಲ ದಿನವೇ? ಬೇಡ ಎಂದೆ.

ಮೇ 3

ಇಡೀ ದಿನ ಮಳೆ. ನಾಳೆ ಗೇಟಿನಲ್ಲಿ ಕಾಲು ಏಳುತ್ತದೋ ಇಲ್ಲವೋ. ಏಳದಿದ್ದರೆ ಹೆಲನ್‌ಗೆ ಫೋನು ಮಾಡಿ, ಕ್ಷಮಿಸಿ ಎಂದು ಹೇಳಿಬಿಡುವುದು.

ಮೇ 4, ಸೋಮವಾರ

ಮೊದಲ ದಿನವೇ ಶಾಲೆಗೆ ತಡವಾಗಿ ಹೋದೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಏಳು ಗಂಟೆಗೆ ಪೀಟರ್ ಗೇಟು ತೆಗೆದ. ಸ್ವಲ್ಪ ಹೊತ್ತು ನಿಂತೆ. ಅವನು ಆಕಾಶ ನೋಡುತ್ತಾ ನಿಂತ. ಆಗ ನಮ್ಮ ಗೇಟಿನ ಮುಂದಿನಿಂದ ಒಬ್ಬ ಹೆಂಗಸು ಹಾದುಹೋದಳು. ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಬುಟ್ಟಿ ಹೊತ್ತಿದ್ದಳು, ಬುಟ್ಟಿಯ ತುಂಬ ಬೆಣ್ಣೆಹಣ್ಣು. ಹತ್ತು ಮಾರು ಹೋಗುವಷ್ಟರಲ್ಲಿ ಒಂದು ಹಣ್ಣು ಉದುರಿ ಕೆಸರಿಗೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಕೂಗಿದೆ, ಕೇಳಿಸಲಿಲ್ಲ. ಒಳ್ಳೆಯ ದಪ್ಪ ಹಣ್ಣು, ಯಾವುದಾದರೂ ಮಟಾಟು ವ್ಯಾನು ಬಂದು ಅಪ್ಪಚ್ಚಿ ಮಾಡುತ್ತದೆ. ಹೋಗಿ ಎತ್ತಿಕೊಂಡೆ. ಅಷ್ಟರಲ್ಲಿ ಅವಳು ತಿರುವು ದಾಟಿದ್ದಳು. ನಾನು ಓಡಿದೆ.

ಇನ್ನೇನು ಮುಟ್ಟಬೇಕು, ಅವಳು ಗಿರ್ರನೆ ತಿರುಗಿದಳು. ಬೆನ್ನನ್ನು ಬೇಲಿಗೆ ಕೊಟ್ಟಳು. ಎರಡೂ ಕೈ ಎದೆಯ ಮೇಲೆ, ಹೊದ್ದ ಲೆಸೋ ಬಟ್ಟೆಗೆ ಗಂಟು ಹಾಕಿದ ಜಾಗದಲ್ಲಿ.

ನನ್ನ ಬೂಟಿನ ಸಪ್ಪಳಕ್ಕೆ ಒಬ್ಬಳು ಹೀಗೆ ಹೆದರಿದಳು.

"ಪೋಲೆ ಮಾಮಾ," ಎಂದೆ, "ಪೋಲೆ ಸಾನಾ." ತಪ್ಪಾಯಿತು ತಾಯಿ, ತುಂಬ ತಪ್ಪಾಯಿತು. ಹಣ್ಣನ್ನು ಮುಂದೆ ಹಿಡಿದೆ. ಅವಳು ಹಣ್ಣು ನೋಡಿದಳು, ನನ್ನ ನೆರಿಗೆಯ ಕೆಸರು ನೋಡಿದಳು, ಆಮೇಲೆ ಬೇಲಿಗೆ ಒರಗಿಕೊಂಡೇ ನಗಲು ಶುರುಮಾಡಿದಳು. ನಾನೂ. ಕಳೆದ ವರ್ಷ ಮಾರ್ಕೆಟ್ಟಿನ ಹಿಂದೆ ಯಾರೋ ತನ್ನ ಚೀಲ ಕಿತ್ತುಕೊಂಡು ಹೋದರಂತೆ. ಅಂದಿನಿಂದ ಹಿಂದೆ ಸಪ್ಪಳ ಕೇಳಿದರೆ ಎದೆ ನಿಲ್ಲುತ್ತದೆ ಎಂದಳು. ನಾನು ಕುತ್ತಿಗೆ ಮುಟ್ಟಿ ತೋರಿಸಿದೆ. ಅಷ್ಟೇ ಸಾಕಾಯಿತು, ಅವಳು ತಲೆದೂಗಿದಳು.

ಹೆಸರು ಮೇರಿ. ದಿನಾ ಇದೇ ದಾರಿಯಲ್ಲಿ ಹೋಗುತ್ತಾಳೆ, ಶಾಲೆಯ ಆಚೆಯ ಅಡ್ಡರಸ್ತೆಯಲ್ಲಿ ಕೂತು ಮಾರುತ್ತಾಳೆ. ನಾನು ಮುಂದೆ ಹೋದರೆ ನನ್ನ ಹಿಂದೆ ಅವಳು, ಅವಳು ಮುಂದೆ ಹೋದರೆ ಅವಳ ಹಿಂದೆ ನಾನು. ಇಬ್ಬರಿಗೂ ಅದು ಆಗದು. ಅಕ್ಕಪಕ್ಕ ನಡೆದೆವು. ಅವಳ ಬುಟ್ಟಿಯ ಭಾರಕ್ಕೆ ಹೆಜ್ಜೆ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಹದಿನಾಲ್ಕು ನಿಮಿಷ ಇಪ್ಪತ್ತೈದಾಯಿತು. ಬೆಣ್ಣೆಹಣ್ಣನ್ನು ಬೇಗ ಮಾಗಿಸಲು ಹಿಟ್ಟಿನ ಡಬ್ಬದಲ್ಲಿ ಹುದುಗಿಸಿಡಬೇಕಂತೆ. ಹತ್ತೊಂಬತ್ತು ವರ್ಷದಿಂದ ಅಕ್ಕಿಯಲ್ಲಿ ಇಡುತ್ತಿದ್ದೇನೆ.

ಶಾಲೆಯ ಗೇಟಿನಲ್ಲಿ ಹೆಲನ್ ಗಡಿಯಾರ ನೋಡಿದರು, ನನ್ನ ಬೂಟು ನೋಡಿದರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಫಾರ್ಮ್ ಟೂ ತರಗತಿಯ ಹುಡುಗಿಯರು ಪದ್ಯಪುಸ್ತಕದಲ್ಲಿ ಮೂರು ಪಾಠ ಹಿಂದಿದ್ದಾರೆ, ಸಾಲದ್ದಕ್ಕೆ ಯಾರಿಗೂ ಒಂದು ಸಾಲೂ ಬಾಯಿಗೆ ಬರುವುದಿಲ್ಲ. ನಾಳೆ ಹತ್ತು ನಿಮಿಷ ಮೊದಲೇ ಹೊರಡಬೇಕು. ಮೇರಿಯ ನಡಿಗೆ ನಿಧಾನ.